ಅಜ್ಜಿ ಸುಮ್ಮನೆ ಮಲಗಲು ಕಲಿತದ್ದು

ಬೆಳಿಗ್ಗೆ ಗಂಜಿ ಹಾಕಿ ಒಣಗಿಸಿದ ಬೆಡ್‌ಶೀಟನ್ನು ಮಂಚದ ಮೇಲೆ ಕೊಡವಿದೆ ನೋಡಿ, ಆ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಗು ಬಂದುಬಿಟ್ಟಿತು. ಮನೆಯಲ್ಲಿ ಯಾರೂ ಇರಲಿಲ್ಲ, ಸದ್ಯ. ನೀವು ಬಂದಿದ್ದೀರಲ್ಲ, ಕೂತುಕೊಳ್ಳಿ, ಯಾಕೆ ನಕ್ಕೆ ಅಂತ ಹೇಳುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಮಾತು ಅತ್ತಿತ್ತ ಹೋದರೆ ಹಿಡಿದು ತರುವ ಕೆಲಸ ನಿಮ್ಮದು.

ಆಗ ತಮಿಳುನಾಡಿನ ಕೃಷ್ಣಗಿರಿ ಹೊಸದಾಗಿ ಜಿಲ್ಲೆಯಾಗಿತ್ತು. ಮಗನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ನಾವೆಲ್ಲ ಮಾಲೂರಿನ ಕಡೆಯಿಂದ ಅಲ್ಲೇ ಹತ್ತಿರದ ಮತ್ತಿಗಿರಿಗೆ ಬಂದು ನೆಲೆಸಿದ್ದೆವು. ಮೊಮ್ಮಗಳು ಸವಿತಾ ದಿನಾ ಬಸ್ಸು ಹತ್ತಿ ಕೃಷ್ಣಗಿರಿಗೆ ಹೋಗಿ ನರ್ಸಿಂಗ್ ಓದುತ್ತಿದ್ದಳು. ನಮ್ಮ ವಂಶದವರು ಆಸ್ಪತ್ರೆಗೆ ಹೋದದ್ದು ಒಂದೋ ಮಲಗುವುದಕ್ಕೆ, ಇಲ್ಲವೇ ಮಲಗಿದವರಿಗೆ ಬುತ್ತಿ ಕೊಡುವುದಕ್ಕೆ. ಕೆಲಸಕ್ಕೆಂದು ಒಳಗೆ ಹೊರಟವಳು ಇವಳೇ ಮೊದಲು.

ಆದರೆ ಓದಿದ ತಕ್ಷಣ ರೋಗಿಯನ್ನು ಮುಟ್ಟಲು ಬಿಡುವುದಿಲ್ಲವಂತೆ. ಮೊದಲು ಮೇಡಮ್ಮಿನ ಎದುರಿಗೆ ಎಲ್ಲ ಮಾಡಿ ತೋರಿಸಬೇಕು. ಸೈ ಅನ್ನಿಸಿಕೊಂಡವರಿಗೆ ಮಾತ್ರ ವಾರ್ಡು. ಅದಕ್ಕೆ ಮನೆಯಲ್ಲಿ ಅಭ್ಯಾಸ ಆಗಬೇಕಿತ್ತು. ಅಭ್ಯಾಸಕ್ಕೆ ರೋಗಿ ಬೇಕಲ್ಲ? ನಾನಿದ್ದೆ.

ಅಬ್ಬಾ, ಎಂಥ ರೋಗಿ ನಾನು! ನಾಡಿ ನೋಡುತ್ತೇನೆ ಅನ್ನುವುದರೊಳಗೆ ಬಳೆ ಮೇಲಕ್ಕೆ ಸರಿಸಿ ಕೈ ಚಾಚುತ್ತಿದ್ದೆ. ಉಸಿರು ಎಣಿಸುತ್ತೇನೆ ಅಂದರೆ ಅವಳಿಗೆ ಚೆನ್ನಾಗಿ ಕಾಣಲಿ ಅಂತ ಬುಸುಬುಸು ಉಸಿರಾಡುತ್ತಿದ್ದೆ. ಎಲ್ಲದಕ್ಕಿಂತ ಕಷ್ಟದ್ದು, ಮಲಗಿದವರನ್ನು ಏಳಿಸದೆ ಅವರ ಕೆಳಗಿನ ಬೆಡ್‌ಶೀಟು ಬದಲಾಯಿಸುವುದು. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯದನ್ನು ಬೆನ್ನಿನ ತನಕ ಸುತ್ತಿ, ಹೊಸದನ್ನು ಹಾಸಿ, ಮತ್ತೆ ಈ ಕಡೆಗೆ ಹೊರಳಿಸಬೇಕು. ಆಸ್ಪತ್ರೆಯಲ್ಲಿರುವ ಹಾಗೇ ಇರಲಿ ಅಂತ ಆ ಬೆಡ್‌ಶೀಟುಗಳಿಗೆ ನಾನೇ ಗಂಜಿ ಹಾಕಿಡುತ್ತಿದ್ದೆ. ಸವಿತಾ ಹೆಗಲಿಗೆ ಬೆರಳು ತಾಕಿಸಿದರೆ ಸಾಕು, ನಾನು ಮೀನಿನ ಹಾಗೆ ಹೊರಳುತ್ತಿದ್ದೆ. ಬಟ್ಟೆ ಎಳೆಯುವಾಗ ಸೊಂಟವನ್ನೂ ಎತ್ತಿಕೊಡುತ್ತಿದ್ದೆ. “ಎಷ್ಟು ಸಲೀಸಾಗಿ ಬಂತು ನೋಡಜ್ಜಿ!” ಅಂತ ಅವಳಿಗೂ ಖುಷಿ, ನನಗೂ ಖುಷಿ.

ಪರೀಕ್ಷೆಯ ದಿನ ಸಂಜೆ ಬಂದವಳು ಚೀಲ ಮೂಲೆಗೆ ಎಸೆದು ಗೋಡೆಗೆ ಒರಗಿ ಕೂತಳು. ಮೇಡಮ್ಮು ಒಬ್ಬ ದಪ್ಪನೆಯ ಹುಡುಗಿಯನ್ನು ಮಲಗಿಸಿ, ಕೈಕಾಲು ಸ್ವಾಧೀನ ಇಲ್ಲದವರ ಹಾಗೆ ಇರು ಅಂದಿದ್ದರಂತೆ. ಇವಳು ಹೆಗಲು ಮುಟ್ಟಿದಳು. ಆ ಹುಡುಗಿ ಅಲುಗಲಿಲ್ಲ. ಇವಳು ಗಾಬರಿಯಾಗಿ ತೋಳು ಹಿಡಿದು ಎಳೆದಳು. ಆ ಹುಡುಗಿ “ಅಯ್ಯೋ” ಅಂದಳು. ಅಲ್ಲಿಗೆ ಮುಗಿಯಿತು. ಮುಂದಿನ ವಾರ ಇನ್ನೊಂದು ಅವಕಾಶ. ಅದೂ ತಪ್ಪಿದರೆ ಜೊತೆಯವರೆಲ್ಲ ವಾರ್ಡಿಗೆ, ಇವಳು ಕ್ಲಾಸಿನಲ್ಲೇ.

“ನಂಗೆ ಈ ಕೆಲ್ಸ ಬರಲ್ಲ ಅಜ್ಜೀ. ಬುಟ್ಬುಡ್ತೀನಿ.”

“ಮನೇಲಿ ಅಷ್ಟು ಚೆನ್ನಾಗಿ ಮಾಡ್ತಿದ್ದಲ್ಲೇ!”

“ನಾನೆಲ್ಲಿ ಮಾಡ್ದೆ? ನೀನೇ ಹೊಳ್ಳಿದ್ದು, ನೀನೇ ಎತ್ಕೊಟ್ಟಿದ್ದು. ರೋಗಿ ಅಂಗಿರ್ತಾರಾ?”

ಜಗಲಿಯ ಮೇಲಿದ್ದ ನಮ್ಮ ಯಜಮಾನರು ಇದಕ್ಕೇ ಕಾದಿದ್ದವರ ಹಾಗೆ ನಕ್ಕರು. “ಮದ್ವೆ ಆದಾಗಿಂದ ನೋಡ್ತಾ ಇವ್ನಿ, ಇವ್ಳು ನಿದ್ದೇಲೂ ಸೊಪ್ಪು ಸೋಸ್ತಾಳೆ. ಇವ್ಳಿಗೆ ಸುಮ್ಕೆ ಬಿದ್ಕೊಳಕ್ಕೆ ಎಲ್ಲಿ ಬತ್ತದೆ?”

ಮಾತು ನಿಜವೇ. ಎದುರಿಗೆ ಒಬ್ಬರು ದುಡಿಯುತ್ತಿದ್ದರೆ ಕೈ ಕಟ್ಟಿಕೊಂಡು ಕೂರುವುದು ನಮ್ಮ ಕಡೆಯ ಹೆಂಗಸರಿಗೆ ಆಗದ ಕೆಲಸ. ನೆಂಟರ ಮನೆಗೆ ಹೋದರೂ ಚೀಲ ಇಟ್ಟು ಮೊದಲು ಹುಡುಕುವುದು ಈಳಿಗೆಮಣೆಯನ್ನು. ಅಂಥವಳು ಮೊಮ್ಮಗಳಿಗಾಗಿ ಸೋಮಾರಿತನ ಕಲಿಯಲು ಕೂತೆ. ಅಲ್ಲ, ಮಲಗಿದೆ.

“ಕಾಲು ಬಿಗಿ ಹಿಡಿಬ್ಯಾಡ ಅಜ್ಜಿ.”

“ಹಿಡ್ದಿಲ್ಲ ಕಣೇ.”

“ಹಿಡ್ದಿದೀಯ. ಮಾತಾಡ್ಲೂಬ್ಯಾಡ!”

ಮೊದಮೊದಲು ಅವಳು ಉಸ್ಸೆನ್ನುವುದು ಕೇಳಿದರೆ ನನ್ನ ಸೊಂಟ ತಾನಾಗಿ ಮೇಲೇಳುತ್ತಿತ್ತು. ಆಮೇಲೆ ಒಂದು ಉಪಾಯ ಮಾಡಿದೆ. ನಾನು ಮನುಷ್ಯಳೇ ಅಲ್ಲ, ಗಾಡಿಯಿಂದ ಇಳಿಸಿದ ರಾಗಿಮೂಟೆ ಅಂದುಕೊಂಡೆ. ರಾಗಿಮೂಟೆ ಯಾರಿಗೂ ಸಹಾಯ ಮಾಡುವುದಿಲ್ಲ. ಆಗ ಗೊತ್ತಾಯಿತು ನನ್ನ ತೂಕ ಎಷ್ಟೆಂದು, ಪಾಪ, ಸವಿತಾಗೆ! ಒಂದು ಸಲ ನನ್ನನ್ನು ಗೋಡೆಗೆ ಒತ್ತಿದಳು, ಇನ್ನೊಂದು ಸಲ ನನ್ನ ಮೇಲೇ ಬಿದ್ದಳು. ಕೊನೆಗೆ ಮೇಡಮ್ಮು ಹೇಳಿಕೊಟ್ಟಿದ್ದೆಲ್ಲ ಅವಳ ಕೈಗೆ ಬಂತು. ಆಚೆ ಕಡೆಯ ತೋಳನ್ನು ಎದೆಯ ಮೇಲಿಟ್ಟು, ಆಚೆಯ ಮೊಣಕಾಲು ಮಡಚಿ, ಒಂದು ಕೈ ಹೆಗಲಿಗೆ ಒಂದು ಕೈ ಸೊಂಟಕ್ಕೆ ಕೊಟ್ಟು, “ಹೊಳ್ಳಿಸ್ತೀನಿ ಅಜ್ಜಿ” ಅಂತ ಮೆಲ್ಲಗೆ ಹೇಳಿ ತನ್ನ ಕಡೆಗೆ ಹೊರಳಿಸಿಕೊಂಡಳು. ತೊಟ್ಟಿಲಿನ ಕೂಸಿನ ಮಗ್ಗುಲು ಬದಲಾಯಿಸಿದ ಹಾಗಿತ್ತು. ನನಗೆ ನಿದ್ದೆಯೇ ಬಂತು. ಅದನ್ನು ನೋಡಿ ಅವಳು ಕುಣಿದಾಡಿಬಿಟ್ಟಳು.

ಎರಡನೇ ಸಲದ ಪರೀಕ್ಷೆಗೆ ನಾನೂ ಕೃಷ್ಣಗಿರಿಗೆ ಹೋದೆ. ಬ್ಯಾಡ ಅಂದಳು, ಕೇಳಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕೂತು, ನೆನಪಿದ್ದ ದೇವರ ಹೆಸರೆಲ್ಲ ಮುಗಿಸಿದೆ. ಬಾಗಿಲು ತೆರೆಯಿತು. ಸವಿತಾ ಓಡಿ ಬಂದಳು. ಅದೇ ದಪ್ಪನೆಯ ಹುಡುಗಿಯೂ ಹಿಂದೆಯೇ ಬಂದು, “ಪಾಟಿ, ಈ ಸಲ ನಂಗೆ ಒಂಚೂರೂ ನೋವಾಗ್ಲಿಲ್ಲ!” ಅಂದಳು. ತಮಿಳಿನವರಿಗೆ ಅಜ್ಜಿ ಅಂದರೆ ಪಾಟಿ.

“ವಾರ್ಡಿಗೆ ಹಾಕಿದ್ರಜ್ಜೀ! ನಾಳೆಯಿಂದಾನೇ!”

ನಾನು ಕಿರುಚಿದ್ದಕ್ಕೆ ವಾಚ್‌ಮನ್ ಎದ್ದು ನಿಂತ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಬುಟ್ಟಿ ಮಾವಿನಹಣ್ಣು ತೆಗೆದುಕೊಂಡು, ಹೊಸೂರು ಬಸ್ಸಿನಲ್ಲಿ ಕೂತವರಿಗೆಲ್ಲ ಹಂಚಿದೆ. ಕಂಡಕ್ಟರು ಹಣ್ಣು ಹಿಡಿದುಕೊಂಡು “ಎನ್ನ ಪಾಟಿ, ವೀಟ್ಲ ಕಲ್ಯಾಣಮಾ?” ಅಂದ. ಮನೆಯಲ್ಲಿ ಮದುವೆಯಾ ಅಂತ.

“ಕಲ್ಯಾಣ ಯಾರಿಗೆ ಬೇಕಪ್ಪಾ! ನನ್ ಮೊಮ್ಮಗಳು ನಾಳೆ ವಾರ್ಡಿಗೆ ಹೋಗ್ತಾಳೆ!”

ಅವನಿಗೆ ತಮಿಳಿನಲ್ಲಿ, ಮುಂದಿನ ಸೀಟಿನವಳಿಗೆ ತೆಲುಗಿನಲ್ಲಿ, ಹಿಂದಿನವರಿಗೆ ಕನ್ನಡದಲ್ಲಿ ಹೇಳಿದೆ. ಸವಿತಾ ನಾಚಿಕೆಯಿಂದ ಕಿಟಕಿಯ ಆಚೆ ನೋಡುತ್ತಿದ್ದಳು. ಆದರೂ ನಗುತ್ತಿದ್ದಳು, ನಾನು ನೋಡಿದೆ.

ಈಗ ಅವಳು ಹೊಸೂರಿನ ಆಸ್ಪತ್ರೆಯಲ್ಲಿ ಸಿಸ್ಟರು. ಬೆಳಗಿನ ಡ್ಯೂಟಿಗೆ ಹೋಗಿದ್ದಾಳೆ, ಯಾರನ್ನೋ ನೋಯಿಸದೆ ಹೊರಳಿಸುತ್ತಿರುತ್ತಾಳೆ. ಅಕ್ಕಪಕ್ಕದವರು ನಾನು ಬಾಯಿ ತೆರೆದರೆ “ಗೊತ್ತು ಬಿಡಜ್ಜಿ” ಅನ್ನುತ್ತಾರೆ, ನೀವು ಪೂರ್ತಿ ಕೇಳಿದಿರಿ. ನಿಮ್ಮ ಮನೆಯಲ್ಲೂ ಯಾರಾದರೂ ಹುಡುಗಿ ನರ್ಸಿಂಗ್ ಓದುತ್ತಿದ್ದರೆ ಹೇಳಿ, ಸಂಕೋಚ ಬೇಡ. ನಾನು ಬಂದು ಮಲಗಿಕೊಡುತ್ತೇನೆ.