ಮೌಶಿಯ ಇಂಗ್ಲಿಷ್ ಕ್ಯಾಸೆಟ್ಟುಗಳು

ಅವರ ಬಲಗೈ ಹೆಬ್ಬೆರಳು ಸದಾ ನೇರಳೆ ಬಣ್ಣದ್ದು. ವೇರೂಳಿನ, ಅಂದರೆ ಎಲ್ಲೋರದ, ಗುಹೆಗಳ ಟಿಕೆಟ್ ಕಿಟಕಿಯಲ್ಲಿ ಕೂತು ದಿನವಿಡೀ ತಾರೀಖಿನ ಠಸ್ಸೆ ಒತ್ತುವ ಕೆಲಸ. ಶಾಯಿ ಚರ್ಮದೊಳಗೇ ಇಳಿದುಬಿಟ್ಟಿತ್ತು. ಸಂಜೆ ಬಸ್ಸಿಳಿದು ಬಂದವರು ಕೈಕಾಲು ತೊಳೆಯುವ ಮೊದಲೇ ಅದೇ ಹೆಬ್ಬೆರಳಿನಿಂದ ಟೇಪ್‌ರೆಕಾರ್ಡರಿನ ಗುಂಡಿ ಒತ್ತುತ್ತಿದ್ದರು. ಆ ಗುಂಡಿಯೂ ನೇರಳೆಯಾಗಿತ್ತು. ಮಾಳಿಗೆಯಿಂದ ಗಿಟಾರಿನ ಸದ್ದು ಬಂತೆಂದರೆ ಕೆಳಗೆ ನಮ್ಮವ್ವ ಅಕ್ಕಿ ತೊಳೆಯಲು ಏಳುತ್ತಿದ್ದಳು.

ನಾನು ಅವರನ್ನು ಮೌಶಿ ಎನ್ನುತ್ತಿದ್ದೆ, ಮರಾಠಿಯಲ್ಲಿ ಚಿಕ್ಕಮ್ಮ ಎಂದು. ರಕ್ತಸಂಬಂಧವೇನೂ ಇರಲಿಲ್ಲ. ಅಪ್ಪನನ್ನು ಬ್ಯಾಂಕಿನವರು ಧಾರವಾಡದಿಂದ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ವರ್ಗ ಮಾಡಿದ್ದರು. ಮೌಶಿ ವಿಜಾಪುರದವರು, ಅವರೂ ವರ್ಗವಾಗಿ ಬಂದವರೇ. ನಡುವೆ ಅಂಗಳವಿದ್ದ ಒಂದೇ ಹಳೆಯ ವಾಡೆಯಲ್ಲಿ ಕೆಳಗೆ ನಾವು, ಮೇಲೆ ಅವರು ಬಾಡಿಗೆಗೆ ಇದ್ದೆವು. ನನ್ನ ಕನ್ನಡವೋ, ಮುಕ್ಕಾಲು ಮರಾಠಿ. ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಮರಾಠಿಯಲ್ಲಿ ಉತ್ತರ ಕೊಟ್ಟರೆ ಕಿವಿ ಹಿಂಡುತ್ತಿದ್ದರು. "ಎಲ್ಲಾ ತಿಳೀತದ, ಬಾಯಿಗೆ ಮಾತ್ರ ಬರಾಂಗಿಲ್ಲ. ನಾಲಿಗಿ ಏನ್ ಯಾರಿಗರೆ ಬಾಡಿಗಿ ಕೊಟ್ಟೀಯೇನ?"

ಅವರು ಗಂಡನ ಮನೆ ಬಿಟ್ಟು ಬಂದವರು. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆ "ಬ್ಯಾಸರಾತು, ಬಿಟ್ಟೆ" ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದರು. ಬಿಟ್ಟ ಮೇಲೂ ಹಣೆ ತುಂಬ ಕುಂಕುಮ ಇಡುತ್ತಾರಲ್ಲ ಎಂದು ಯಾರೋ ಕುಟುಕಿದಾಗ, "ಕುಂಕುಮ ನಂದ್ರಿ, ಅವಂದಲ್ಲ. ಹುಟ್ಟಿದಾಗಿಂದ ಹಚ್ಕೊಂಡೀನಿ" ಎಂದಿದ್ದರು.

ಇಂಥವರಿಗೆ ಇಂಗ್ಲೆಂಡಿನ ಸಂಗೀತ ಅಂಟಿಕೊಂಡಿದ್ದು ಹೀಗೆ. ಒಂದು ಏಪ್ರಿಲ್ ಮಧ್ಯಾಹ್ನ, ಆ ದೇಶದ ವಯಸ್ಸಾದ ಶಾಲಾ ಶಿಕ್ಷಕಿಯೊಬ್ಬಳು ಬಿಸಿಲಿಗೆ ತಲೆ ತಿರುಗಿ ಟಿಕೆಟ್ ಕಿಟಕಿಯ ಮುಂದೆಯೇ ಕುಸಿದಳಂತೆ. ಮೌಶಿ ಅವಳನ್ನು ಒಳಗೆ ಮಲಗಿಸಿ, ಮಜ್ಜಿಗೆ ಕುಡಿಸಿ, ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ತಿನ್ನಿಸಿದರು. ಹೊರಡುವಾಗ ಅವಳು ತಾನು ಕೇಳುತ್ತಿದ್ದ ಕ್ಯಾಸೆಟ್ಟನ್ನೇ ತೆಗೆದು ಇವರ ಕೈಯಲ್ಲಿಟ್ಟಳು. ಅವಳ ಊರಿನ ಒಬ್ಬ ಗಿಟಾರುಗಾರನ ಬ್ಲೂಸ್ ಹಾಡುಗಳವು. ಆತ ಹೊಸ ಆಲ್ಬಮ್ ತಂದಾಗಲೆಲ್ಲ ಅದನ್ನು ಟೇಪಿಗಿಳಿಸಿ ಅಂಚೆಯಲ್ಲಿ ಕಳಿಸತೊಡಗಿದಳು. ಮೊದಲನೆಯದೂ ಸೇರಿ ಒಟ್ಟು ನಾಲ್ಕಾದವು.

"ಇದಕ್ಕ ದುಃಖದ ಹಾಡು ಅಂತಾರಂತ. ಸುಳ್ಳ!" ಎನ್ನುತ್ತಿದ್ದರು ಮೌಶಿ. "ಇಂವಾ ಎಲ್ಲಿ ಅಳ್ತಾನ? ಜಗಳಾ ತಗೀತಾನ ನೋಡ. ದೇವರ ಕೂಡನೂ ತಗೀತಾನ." ಇಂಗ್ಲಿಷ್ ಹಾಡು ಅವರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ, ಜಗಳ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು.

ನಾಲ್ಕನೆಯ ಕ್ಯಾಸೆಟ್ಟಿನದೊಂದು ವಿಶೇಷ. ಕೊನೆಯ ಹಾಡು ಏರುತ್ತ ಏರುತ್ತ ಹೋಗಿ, ನಡುವೆಯೇ 'ಟಕ್' ಎಂದು ನಿಂತುಬಿಡುತ್ತಿತ್ತು. ಇಂಗ್ಲೆಂಡಿನಲ್ಲಿ ಹಾಡು ಮುಗಿಸುವ ಪದ್ಧತಿಯೇ ಹೀಗೆ ಎಂದು ಒಂದು ವರ್ಷ ನಾವು ನಂಬಿದ್ದೆವು. ಆಮೇಲೆ ಅಪ್ಪ ನಕ್ಕು ಬಿಡಿಸಿ ಹೇಳಿದರು: ಕ್ಯಾಸೆಟ್ಟು ಅರವತ್ತು ನಿಮಿಷದ್ದು, ಆಲ್ಬಮ್ ಅದಕ್ಕಿಂತ ಉದ್ದ, ಆಕೆಯ ಟೇಪು ಸಾಲದೆ ಹೋಗಿದೆ. ಮೌಶಿ ಒಪ್ಪಿಕೊಂಡರು, ಆದರೆ ಹಾಡನ್ನು ಅರ್ಧಕ್ಕೆ ಬಿಡಲು ಒಪ್ಪಲಿಲ್ಲ. ಟಕ್ ಎಂದ ಮೇಲೆ ಉಳಿದದ್ದನ್ನು ತಾವೇ ಗುನುಗುತ್ತಿದ್ದರು, ಬೀಸುವ ಕಲ್ಲಿನ ಹಾಡಿನ ಧಾಟಿಯಲ್ಲಿ. ಅದೇನು ಹೊಂದಿಕೊಳ್ಳುತ್ತಿತ್ತು ಅಂತೀರಿ!

ವಾಡೆಯ ಒಡತಿಗೆ ಮಾತ್ರ ಇದು ಹಿಡಿಸಲಿಲ್ಲ. ಆಕೆ ಸೊಲ್ಲಾಪುರದ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಚಾಡಿಯನ್ನೂ ಎರಡು ಭಾಷೆಗಳಲ್ಲಿ ಹೇಳುತ್ತಿದ್ದರು. ವಿಲಾಯತಿಯಿಂದ ಪಾರ್ಸಲ್ ಬರುತ್ತದೆ, ಗಂಡ ಬಿಟ್ಟವಳಿಗೆ ಯಾವನೋ ಕಳಿಸುತ್ತಾನೆ ಎಂದು ಓಣಿಯೆಲ್ಲ ಹಬ್ಬಿಸಿದರು. ಅವ್ವ ಹೆದರಿ ಮಾಳಿಗೆ ಹತ್ತಿದಳು. ನಾನೂ ಅವಳ ಸೆರಗು ಹಿಡಿದು ಹೋಗಿದ್ದೆ.

"ಅಕ್ಕಾರ, ಕಳಸಾಕಿ ಒಬ್ಬಾಕಿ ಮುದುಕಿ ಅಂತ ಹೇಳಿಬಿಡ್ರಲ್ಲಾ. ಮನಿ ಉಳೀತದ."

"ಯಾಕ ಹೇಳಲಿ? ಗಂಡಸ ಆಗಿದ್ರ ಏನಾಗ್ತಿತ್ತು?"

"ಒಬ್ಬರ ಇರಾಕಿಗೆ ಈ ಊರಾಗ ಮತ್ತೊಂದ ಮನಿ ಸಿಗಾಂಗಿಲ್ರಿ."

"ಗೊತ್ತದವಾ. ನಾಲ್ಕ ತಿಂಗಳ ತಿರಗಿದ ಮ್ಯಾಲ ಇದ ಸಿಕ್ಕದ. ಆದ್ರ ನಾ ಇವತ್ತ ಇದಕ್ಕ ಜವಾಬ ಕೊಟ್ಟೆ ಅಂದ್ರ, ನಾಳೆ ಕಾಯಿಪಲ್ಯಾ ಯಾರ ಕಡೆ ತಗೊಂಡೆ ಅಂತನೂ ಕೇಳ್ತಾರ."

ಅವ್ವ ಇಳಿದು ಬಂದಳು. ಜೋರಾಗಿ ಮಾತಾಡಿ ಗೊತ್ತಿಲ್ಲದ ಹೆಂಗಸು ನಮ್ಮವ್ವ. ಒಡತಿ ನೀರು ನಿಲ್ಲಿಸಿದರೂ ಸಿಟ್ಟನ್ನು ಪಾತ್ರೆಯ ಮೇಲೆ ತೀರಿಸಿ ಸುಮ್ಮನಾಗುತ್ತಿದ್ದಳು.

ಆ ವರ್ಷದ ಸಂಕ್ರಾಂತಿ ಬಂತು. ಒಡತಿಯ ಮನೆಯ ಅರಿಶಿನ ಕುಂಕುಮಕ್ಕೆ ಓಣಿಯ ಮುತ್ತೈದೆಯರಿಗೆಲ್ಲ ಕರೆ. ಮೌಶಿಗಿಲ್ಲ, ಮೂಲೆಮನೆಯ ವಿಧವೆ ಅಜ್ಜಿಗಿಲ್ಲ. ಮೌಶಿ ಏನು ಮಾಡಿದರು ಗೊತ್ತೆ? ಅದೇ ಸಂಜೆ ಅಂಗಳದ ನಡುವೆ ಜಮಖಾನೆ ಹಾಸಿ, ಅಜ್ಜಿಯನ್ನು ಕೈ ಹಿಡಿದು ತಂದು ಕೂರಿಸಿ, ಮೊದಲ ಅರಿಶಿನ ಕುಂಕುಮ ಅವರಿಗೇ ಇಟ್ಟರು. ಪಕ್ಕದಲ್ಲಿ ಟೇಪು, ಟೇಪಿನಲ್ಲಿ ನಾಲ್ಕನೆಯ ಕ್ಯಾಸೆಟ್ಟು, ದನಿ ಪೂರ್ತಿ.

ಒಡತಿ ಮನೆತುಂಬ ಬಂದ ಹೆಂಗಸರನ್ನು ಬಿಟ್ಟು ಹೊರಗೆ ಬಂದರು. ಹಿಂದೆಯೇ ಅವರೆಲ್ಲರೂ ಬಾಗಿಲಿಗೆ ಬಂದು ನಿಂತರು, ಅವರಲ್ಲಿ ನಮ್ಮವ್ವನೂ ಇದ್ದಳು. "ಇದು ಮರ್ಯಾದಸ್ಥರ ವಾಡೆ. ಆ ಪರದೇಶದವನ ಹಾಡು ಬಂದ್ ಮಾಡ್ರಿ, ಇಲ್ಲಂದ್ರ ಈ ತಿಂಗಳ ಕೊನಿಗೆ ಮನಿ ಖಾಲಿ ಮಾಡ್ರಿ!"

ಅಷ್ಟರಲ್ಲಿ ಕೊನೆಯ ಹಾಡು ಟಕ್ ಎಂದು ನಿಂತಿತು. ಮೌಶಿ ಎಳ್ಳಿನ ತಟ್ಟೆ ಹಿಡಿದುಕೊಂಡೇ ಉಳಿದ ಹಾಡನ್ನು ಎತ್ತಿಕೊಂಡರು. ಅಲ್ಲಿಯವರೆಗೆ ಬರೀ ಗುನುಗುತ್ತಿದ್ದ ಧಾಟಿಗೆ ಅಂದು ಮೊದಲ ಸಲ ಮಾತು ಬಂದಿತ್ತು:

"ಇರತೀನಿ, ಇಲ್ಲೇ ಇರತೀನಿ, ಏನ ಮಾಡತೀರಿ ಮಾಡ್ರಿ."

ಹಾಡಿ ಮುಗಿಸಿ, ಒಡತಿಯ ಮುಂದೆ ಎಳ್ಳು ಬೆಲ್ಲ ಹಿಡಿದು, "ತಿಳಗೂಳ ಘ್ಯಾ, ಗೋಡ ಬೋಲಾ" ಎಂದರು. ಸಿಹಿ ತಿನ್ನಿ, ಸಿಹಿ ಮಾತಾಡಿ ಎಂದು ಆ ದಿನ ಎಲ್ಲರೂ ಎಲ್ಲರಿಗೂ ಹೇಳುವ ಮಾತೇ. ಒಡತಿ ಕೈ ಚಾಚಲಿಲ್ಲ.

ಚಾಚಿದ್ದು ನಮ್ಮವ್ವ. ಬಾಗಿಲಿನಿಂದ ಇಳಿದು, ಅಂಗಳ ದಾಟಿ, ಎಳ್ಳು ಬೆಲ್ಲ ತಗೊಂಡು ಅಜ್ಜಿಯ ಪಕ್ಕ ಜಮಖಾನೆಯ ಮೇಲೆ ಕೂತಳು. ಕಳಿಸುವವಳು ಮುದುಕಿ ಎಂದು ಅವಳು ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿಲ್ಲ.

"ಬಾಯಾರ," ಎಂದಳು ಒಡತಿಗೆ, "ಅಕ್ಕಾರ ಮನಿ ಬಿಟ್ರ ನಾವೂ ಬಿಡ್ತೀವಿ. ಎರಡೂ ಮನೀಗೆ ಬ್ಯಾರೆ ಮಂದಿ ನೋಡ್ಕೊಳ್ರಿ."

ಅವ್ವನ ದನಿ ಅಷ್ಟು ದೊಡ್ಡದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ, ಸುದ್ದಿ ಕೇಳಿ ಚಹಾ ತಣ್ಣಗಾಗುವವರೆಗೂ ಬಾಯಿ ತೆರೆದುಕೊಂಡೇ ಕೂತಿದ್ದರು. ತಿಂಗಳ ಕೊನೆ ಬಂತು, ಹೋಯಿತು. ಯಾರೂ ಮನೆ ಬಿಡಲಿಲ್ಲ, ಟೇಪೂ ನಿಲ್ಲಲಿಲ್ಲ.

ಕೆಲವು ವರ್ಷಗಳ ನಂತರ ಮೌಶಿಗೆ ನಾಸಿಕಕ್ಕೆ ವರ್ಗವಾಯಿತು. ಅಲ್ಲಿಯೂ ಗುಹೆ, ಅಲ್ಲಿಯೂ ಟಿಕೆಟ್ ಕಿಟಕಿ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಅವರು ಹಾಸಿಗೆ ಹಿಡಿದರೆಂದು ತಿಳಿದು, ಆ ನಾಲ್ಕನೆಯ ಆಲ್ಬಮ್ಮಿನ ಸಿ.ಡಿ.ಯನ್ನು ಎಲ್ಲೆಲ್ಲಿಂದಲೋ ತರಿಸಿ, ಗೆಳತಿಯ ಪ್ಲೇಯರ್ ಎರವಲು ತಂದು, ಮನ್ಮಾಡಿನಲ್ಲಿ ರೈಲು ಬದಲಿಸಿ ಹೋದೆ. ಕೊನೆಗೂ ಮೌಶಿಗೆ ಪೂರ್ತಿ ಹಾಡು ಕೇಳಿಸುತ್ತೇನೆ ಎಂಬ ಹೆಮ್ಮೆ ನನಗೆ. ನಮ್ಮ ಟಕ್ ಬರುವ ಜಾಗ ದಾಟಿ ಹಾಡು ಮುಂದೆ ಹೋಯಿತು. ಮೌಶಿ ಕಣ್ಣು ಮುಚ್ಚಿ ಕೇಳಿದರು. ಅರ್ಧ ನಿಮಿಷವೂ ಆಗಿರಲಿಲ್ಲ, ಗಿಟಾರು ಮೆಲ್ಲಗೆ ಸಣ್ಣದಾಗುತ್ತ ಮುಗಿದೇಹೋಯಿತು.

"ಇಷ್ಟನಽ?" ಎಂದು ಕಣ್ಣು ತೆರೆದರು. "ಥೂ ಇವನ! ಜಗಳಾ ಅರ್ಧಕ್ಕ ಬಿಟ್ಟ ಹ್ವಾದ. ನಂದ ಛಲೋ ಇತ್ತು."

ಅದಾಗಿ ತಿಂಗಳೊಳಗೆ ಹೋಗಿಬಿಟ್ಟರು. ಹದಿಮೂರನೆಯ ದಿನ ನಾಸಿಕದ ಆ ಎರಡು ಕೋಣೆಯ ಮನೆಯಲ್ಲಿ, ವಿಜಾಪುರದಿಂದ ಬಂದ ಅವರ ಅಣ್ಣ ಯಾವುದಾದರೂ ಭಜನೆ ಹಚ್ಚಿರಿ ಎಂದರು. ಅವ್ವ ಎದ್ದು ಹೋಗಿ ಆ ನೇರಳೆ ಗುಂಡಿ ಒತ್ತಿದಳು. ನಾಲ್ಕನೆಯ ಕ್ಯಾಸೆಟ್ಟಿನ ಕೊನೆಯ ಹಾಡಿನ ಗಿಟಾರು ಶುರುವಾಯಿತು. ಬಂದವರು ಮುಖ ಮುಖ ನೋಡಿಕೊಂಡರು. ಇದೆಂಥಾ ಅಪಚಾರ ಎಂದು ಅಣ್ಣ ಏಳಹೋದರು. "ಕೂಡ್ರಿ," ಎಂದಳು ಅವ್ವ. ಅವರು ಕೂತರು.

ಹಾಡು ಏರಿತು, ಟಕ್ ಎಂದು ನಿಂತಿತು. ನಾಲ್ಕು ಜನರ ಮುಂದೆ ಎಂದೂ ಹಾಡದ ನಮ್ಮವ್ವ ಉಳಿದದ್ದನ್ನು ಎತ್ತಿಕೊಂಡಳು. "ಇರತೀನಿ, ಇಲ್ಲೇ ಇರತೀನಿ..." ಅಲ್ಲಿಗೇ ನಿಂತು ನನ್ನ ಕಡೆ ನೋಡಿದಳು. ಉಳಿದ ಮಾತು ನಾನು ಹಾಡಿದೆ, ಕನ್ನಡದಲ್ಲಿ, ಒಂದೂ ತಪ್ಪಿಲ್ಲದೆ.