ಸಾಹೇಬರು ಉಪ್ಪು ಹುಡುಕಿದ್ದು

ದಿಲ್ಲಿಯಲ್ಲಿ ಮೆಟ್ರೊಗೆಂದು ರಸ್ತೆ ಅಗೆಯುತ್ತಿದ್ದ ಕಾಲ. ಕಿದ್ವಾಯಿ ನಗರದಲ್ಲಿ ಒಬ್ಬ ಕನ್ನಡದ ಸಾಹೇಬರ ಮನೆಗೆ ಅಡುಗೆಗೆ ಹೋಗುತ್ತಿದ್ದೆ. ಬೇರೆಯವರ ಮನೆ ಸುದ್ದಿ ನನಗೆ ಬೇಡ, ಆದರೂ ಇದೊಂದು ಹೇಳಿಬಿಡುತ್ತೇನೆ.

ಅವರ ಹೆಂಡತಿ ಸರಳಮ್ಮ ಎಲ್ಲರಿಗೂ ಬಡಿಸಿ, ಒಲೆ ಮುಂದೆ ನಿಂತೇ ತಿನ್ನೋರು. ಮಗ ಬಿಟ್ಟ ಪರಾಠಾ, ಗಂಡ ಬಿಟ್ಟ ಅನ್ನ, ಪಾತ್ರೆ ತಳದ ಪಾಯಸ, ಎಲ್ಲ ಅವರ ಹೊಟ್ಟೆಗೇ. ಕೇಳಿದರೆ, "ನಾನೇನು ತಿಂದೆ? ಇನ್ನೂ ತಟ್ಟೇನೇ ಹಾಕಿಲ್ಲ!" ಕೊನೆಗೆ ಡಾಕ್ಟರು ಬೈದರು. ತೂಕ ಇಳಿಸದಿದ್ದರೆ ದಿನಾ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚಿಕೊಳ್ಳಬೇಕು. ಕೂತು, ಒಂದೇ ತಟ್ಟೆಯಲ್ಲಿ, ನಿಧಾನವಾಗಿ ಅಗಿದು ತಿನ್ನಿ, ನಡುವೆ ಏಳಬೇಡಿ ಅಂದರು.

ಮರುದಿನ ಸರಳಮ್ಮ ಗಂಡನ ಎದುರೇ ಊಟಕ್ಕೆ ಕೂತರು. ಹೆಂಡತಿ ಓಡಿಹೋಗಿದ್ದರೂ ಸಾಹೇಬರು ಅಷ್ಟು ಬೆಚ್ಚುತ್ತಿರಲಿಲ್ಲ.

"ಸಾರಿಗೆ ಉಪ್ಪಿಲ್ಲ," ಅಂದರು. ಸರಳಮ್ಮ ಅಗಿಯುತ್ತಲೇ ಇದ್ದರು. ನಾನು ತರಲು ಹೊರಟರೆ ನನ್ನ ಸೆರಗು ಹಿಡಿದು ನಿಲ್ಲಿಸಿದರು. ಬಾಯಿ ಖಾಲಿಯಾದ ಮೇಲೆ, "ಅಡುಗೆಮನೆಯಲ್ಲಿದೆ ರೀ, ತಗೊಳ್ಳಿ," ಅಂದರು.

ಆಫೀಸಿನಲ್ಲಿ ಎಲ್ಲರ ಫೈಲು ಹುಡುಕಿ ತಪ್ಪು ಹಿಡಿಯುವ ಸಾಹೇಬರು ಏಳು ಡಬ್ಬಿ ತೆರೆದು, ಪುಡಿ ಸಕ್ಕರೆ ತಂದು ಸಾರಿಗೆ ಸುರಿದುಕೊಂಡರು. ನನ್ನ ಮುಂದೆ ಮಾನ ಹೋಗಬಾರದೆಂದು ಅಷ್ಟನ್ನೂ ಕುಡಿದು, "ಈಗ ಸರಿಯಾಯ್ತು," ಅಂದರು.

ದೀಪಾವಳಿ ಹೊತ್ತಿಗೆ ಸರಳಮ್ಮನಿಗೆ ಹಳೇ ರವಿಕೆಗಳು ಮತ್ತೆ ಮೈಗೆ ಸರಿಹೋದವು, ಸೂಜಿಯೂ ತಪ್ಪಿತು. ಸಾಹೇಬರ ಹೊಟ್ಟೆಯೂ ಇಳಿದಿತ್ತು. ಕೇಳಿದವರಿಗೆಲ್ಲ "ವಾಕಿಂಗ್" ಅನ್ನುತ್ತಿದ್ದರು. ಸುಳ್ಳಲ್ಲ ಬಿಡಿ. ನೀರಿಗೊಂದು ಸಲ, ಉಪ್ಪಿನಕಾಯಿಗೊಂದು ಸಲ, ಮೇಜಿನಿಂದ ಅಡುಗೆಮನೆಗೆ ದಿನಾ ನಡೆಯುತ್ತಿದ್ದರಲ್ಲ!