ಹಿಂದಿನ ಬಾಣಸಿಗನಿಗೆ ಒಂದು ಎಲೆ

ಮುಂಬಯಿಯ ಪರೇಲಿನಲ್ಲಿ ಹದಿನೆಂಟು ಲಕ್ಷಕ್ಕೆ ಅಂಗಡಿ ಸಿಕ್ಕಿತು ಎಂದರೆ ಈಗಲೂ ಯಾರೂ ನಂಬುವುದಿಲ್ಲ. ಅದೇ ಓಣಿಯಲ್ಲಿ ಅಷ್ಟೇ ಅಗಲದ ಮೊಬೈಲ್ ಅಂಗಡಿಯೊಂದು ನಲವತ್ತಕ್ಕೆ ಕೈ ಬದಲಾಗಿತ್ತು. ನನ್ನದು ಅರ್ಧಕ್ಕಿಂತ ಕಡಿಮೆಗೆ ಬಂದದ್ದರ ಕಾರಣ ಸರಳ. ಅಲ್ಲಿ ಚೈನೀಸ್ ಹೋಟೆಲು ನಡೆಸುತ್ತಿದ್ದವರು ಉರಿಯುವ ಒಲೆಯ ಮುಂದೆಯೇ ಕುಸಿದು ಸತ್ತಿದ್ದರು. ಆಮೇಲೆ ಬಹಳ ಕಾಲ ಯಾರೂ ಶಟರ್ ಎತ್ತಿರಲಿಲ್ಲ. ನೋಡಲು ಬಂದವರೆಲ್ಲ ಒಳಗೆ ಒಂದು ನಿಮಿಷ ನಿಂತು, ಒಲೆ ಆರಿ ಇಷ್ಟು ಕಾಲವಾದರೂ ಬೆಳ್ಳುಳ್ಳಿ ಹುರಿದ ವಾಸನೆ ಬರುತ್ತಿದೆಯಲ್ಲ ಎಂದು ಮುಖ ಮುಖ ನೋಡಿಕೊಂಡು ಹೊರಟುಹೋಗಿದ್ದರು. ವಾಸನೆ ನನಗೂ ಬಂತು. ನಾನು ಹೊರಡಲಿಲ್ಲ, ಬೆಲೆ ಇಳಿಸಿದೆ.

ದಾದರಿನ ಒಂದು ದೊಡ್ಡ ಹೋಟೆಲಿಗೆ ತರಕಾರಿ, ದಿನಸಿ ಕೊಂಡು ತರುವ ಕೆಲಸದಲ್ಲಿ ಕೂದಲು ಬೆಳ್ಳಗಾಗಲು ಶುರುವಾಗಿದ್ದವಳು ನಾನು. ಬೆಳಗಿನ ಮಾರ್ಕೆಟ್ಟಿನಲ್ಲಿ ಹೂಕೋಸಿನ ಗೋಣಿ ಬಿಚ್ಚಿಸಿ, ತಳದಲ್ಲಿರುವುದನ್ನು ಮೇಲೆ ತೆಗೆಸಿ, ಆಮೇಲೆ ಬಾಯಿ ತೆರೆಯುವವಳು. ಅಗ್ಗದ ವಸ್ತುವಿನಲ್ಲಿ ಏನೋ ಒಂದು ದೋಷ ಇದ್ದೇ ಇರುತ್ತದೆ. ಆ ದೋಷ ನಮ್ಮ ಕೆಲಸಕ್ಕೆ ಅಡ್ಡ ಬರದಿದ್ದರೆ ಅದೇ ಲಾಭ. ಹೀಗೆ ಯೋಚಿಸಿಯೇ ಸತ್ತವರ ಹೆಂಡತಿಯಿಂದ ಪಗಡಿಯ, ಎಂದರೆ ಹಳೆಯ ಕಾಯಂ ಬಾಡಿಗೆಯ, ಹಕ್ಕು ಬರೆಸಿಕೊಂಡೆ. ಅಡ್ಡ ಬಂದದ್ದು ಎಲ್ಲಿ ಎಂದರೆ ನಾನು ಕಾವಲೇ ಇಡದ ಜಾಗದಲ್ಲಿ. ಆ ಅಂಗಡಿಯಲ್ಲಿ ನಾನು ಹೆಚ್ಚುಕಡಿಮೆ ನನ್ನ ಅಮ್ಮನ ಕೈರುಚಿಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ನನ್ನ ನಿಜವಾದ ಬಂಡವಾಳ ಆ ಕೈರುಚಿಯೇ. ಅಮ್ಮ ಚೈನೀಸ್ ಕಲಿತದ್ದು ಯಾರಿಂದಲೂ ಅಲ್ಲ. ಚಾಳಿನ ಮಕ್ಕಳು ರಸ್ತೆಬದಿಯ ಗಾಡಿಯಲ್ಲಿ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾರೆಂದು ಮನೆಯಲ್ಲೇ ಮಾಡಲು ಶುರುಮಾಡಿದವಳು. ಶೇಜ್ವಾನ್ ಚಟ್ನಿಗೆ ಬ್ಯಾಡಗಿ ಮೆಣಸು, ವಿನೆಗರಿನ ಜಾಗದಲ್ಲಿ ಹುಣಸೆ, ಕೊನೆಗೆ ಬೆಲ್ಲದ ಒಂದು ಚೂರು. ಫ್ರೈಡ್ ರೈಸಿನ ಅನ್ನವನ್ನು ಊರಿನಲ್ಲಿ ಕುಚ್ಚಲಕ್ಕಿ ಬಸಿಯುವ ಹಾಗೆ ಮುಚ್ಚಳ ಒತ್ತಿ ಗಂಜಿ ಬಸಿದು, ಅಗಲವಾದ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗೆ ಆರಿಸುತ್ತಿದ್ದಳು. ಒಂದಗುಳು ಇನ್ನೊಂದಕ್ಕೆ ಅಂಟುತ್ತಿರಲಿಲ್ಲ. ಬಿಲ್ಡಿಂಗಿನ ಅರ್ಧ ಜನ ಡಬ್ಬ ಹಿಡಿದು ಬಾಗಿಲಿಗೆ ಬರತೊಡಗಿದ ಮೇಲೆ ನಾನು ನೌಕರಿ ಬಿಟ್ಟೆ.

ಅಂಗಡಿ ಹೇಗೆ ಸಿಕ್ಕಿತು ಎಂಬುದನ್ನು ಅಮ್ಮನಿಂದ ಮುಚ್ಚಿಡಲಿಲ್ಲ. ಅವಳು ಎಲೆಯಡಿಕೆ ಜಗಿಯುತ್ತಾ ಕೇಳಿಸಿಕೊಂಡು ಒಂದೇ ಶರತ್ತು ಹಾಕಿದಳು. ಮನೆಯಲ್ಲಿ ನಮ್ಮ ಮಾತು ತುಳು, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

“ಆಟಿಯಲ್ಲಿ ಅವರಿಗೆ ಒಂದು ಎಲೆ ಬಡಿಸಬೇಕು ಮಗಾ.”

“ಅವರು ನಮಗೆ ಏನಾಗಬೇಕು ಅಮ್ಮ?”

“ಅವರ ಒಲೆಯಲ್ಲಿ ನಾವು ಅನ್ನ ಬೇಯಿಸುವುದು. ಇನ್ನೆಂಥ ಆಗಬೇಕು?”

ನಮ್ಮ ಕಡೆ ಸತ್ತವರನ್ನು ಕುಲೆ ಎನ್ನುತ್ತೇವೆ. ಆಟಿ ಎಂದರೆ ಜೋರು ಮಳೆಯ ತಿಂಗಳು. ಆಗ ಮನೆಯ ಕುಲೆಗಳನ್ನು ಕರೆದು ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗಿ ಅದೇ ಎಲೆಯದನ್ನು ಹಂಚಿಕೊಂಡು ಉಣ್ಣುತ್ತೇವೆ. ಇದರಲ್ಲಿ ಹೆದರಿಕೆಯದ್ದೇನೂ ಇಲ್ಲ, ನೆಂಟರಿಗೆ ಮೊದಲ ಪಂಕ್ತಿ ಬಿಟ್ಟುಕೊಟ್ಟ ಹಾಗೆ ಅಷ್ಟೇ.

“ಅವರು ಬಿಜಾಪುರದ ಕಡೆಯವರು. ನಿನ್ನ ತುಳು ಅರ್ಥ ಆಗಲಿಕ್ಕಿಲ್ಲ,” ಎಂದೆ.

“ಕನ್ನಡದಲ್ಲಿ ಕರೆಯುತ್ತೇನೆ. ಬಡಿಸುವುದು ಎಂಥ, ಅದು ಹೇಳು.”

ಉತ್ತರ ಕೊಟ್ಟವಳು ನಾನೇ. ಅವರು ಚೈನೀಸ್ ಮಾಡುವವರು, ನಾವೂ ಚೈನೀಸ್ ಮಾಡುವವರು. ಒಲೆಯ ಮೇಲೆ ಇದ್ದದ್ದನ್ನೇ ಬಡಿಸಿದರಾಯಿತು, ಬೇರೆ ಅಡುಗೆಯ ಖರ್ಚೂ ಇಲ್ಲ. ಅಮ್ಮನಿಗೂ ಅದು ಸರಿಯೆನಿಸಿತು.

ಆ ವರ್ಷದ ಆಟಿ ಅಮಾವಾಸ್ಯೆಯಂದು ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆ, ಮಾಟುಂಗದಿಂದ ತಂದ ಎಲೆ ಹಾಸಿ ಫ್ರೈಡ್ ರೈಸ್, ಚಿಲ್ಲಿ ಚಿಕನ್, ಗೋಬಿ ಮಂಚೂರಿ ಬಡಿಸಿದೆವು. ಗ್ಯಾಸ್ ಆರಿಸಿದ್ದು ನಾನು. ಅಮ್ಮ ಒಲೆಯ ಕಡೆ ಕೈಮುಗಿದು, “ಒಲೆಯ ಯಜಮಾನರೇ, ಬಂದು ಕೂತುಕೊಳ್ಳಿ,” ಎಂದಳು. ಶಟರ್ ಎಳೆದು ಇಬ್ಬರೂ ಒಂದೇ ಕೊಡೆಯಡಿ ಓಣಿಯಲ್ಲಿ ನಿಂತೆವು. ಮೋಡ ಕವಿದಿತ್ತಾದರೂ ಹಗಲೇ. ಎದುರಿನ ಇಸ್ತ್ರಿಯವನು ತನ್ನ ಪಾಡಿಗೆ ಅಂಗಿ ಮಡಚುತ್ತಿದ್ದ. ಶಟರಿನ ಕೆಳಗಿನ ಸಂದಿಯಿಂದ ಬೆಳ್ಳುಳ್ಳಿ ಕರಿಯುವ ವಾಸನೆ ಬಂತು. ಹಳೆಯ ವಾಸನೆಯಲ್ಲ, ಆಗಷ್ಟೇ ಎಣ್ಣೆಗೆ ಬಿದ್ದದ್ದು.

ಒಳಗೆ ಹೋದಾಗ ಒಲೆ ತಣ್ಣಗಿತ್ತು. ಎಲೆಯ ಮೇಲೆ ಒಂದೂ ಕಡಿಮೆಯಾಗಿರಲಿಲ್ಲ. ಆದರೆ ಅನ್ನ ಎರಡು ಕಡೆಗೆ ಸರಿದಿತ್ತು, ಕೋಳಿಯ ತುಂಡುಗಳು ಅಂಚಿಗೆ ಹೋಗಿದ್ದವು, ಒಂದು ಗೋಬಿ ನಡುವೆ ಬಿಚ್ಚಿಕೊಂಡಿತ್ತು. ಇಲಿ ಇರಬೇಕು ಎಂದೆ. ಮುಂಬಯಿಯಲ್ಲಿ ಯಾವುದಕ್ಕೂ ಹಾಗೆ ಹೇಳಿ ಮುಗಿಸಬಹುದು. ಆದರೆ ಇಲಿ ಗೋಬಿಯನ್ನು ಬಿಡಿಸಿ ಒಳಗೆ ಬೆಂದಿದೆಯೇ ಎಂದು ನೋಡಿ ಬಿಟ್ಟುಹೋಗುವುದಿಲ್ಲ.

ಅಮ್ಮ ಎಲೆಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, “ಬೆಳ್ಳುಳ್ಳಿ ಇನ್ನೂ ಕಪ್ಪಾಗಬೇಕಂತೆ,” ಎಂದಳು.

“ಯಾರು ಹೇಳಿದ್ದು?”

“ಎಲೆ ನೋಡಿದರೆ ತಿಳಿಯುವುದಿಲ್ವಾ?”

ಆ ಸಂಜೆಯಿಂದ ಬೆಳ್ಳುಳ್ಳಿ ಕಪ್ಪಾಯಿತು. ಮುಂದಿನ ತಿಂಗಳ ಅಮಾವಾಸ್ಯೆಗೆ ನಾನು ಹೇಳದೆಯೇ ಅಮ್ಮ ಎಲೆ ಹಾಸಿದ್ದಳು. ಅದರ ಮುಂದಿನದಕ್ಕೂ. ಪ್ರತಿ ಸಲ ಎಲೆಯ ಮೇಲೆ ಏನೋ ಒಂದು ಸರಿದಿರುತ್ತಿತ್ತು, ಪ್ರತಿ ಸಲ ಅಡುಗೆಯಲ್ಲಿ ಏನೋ ಒಂದು ಬದಲಾಗುತ್ತಿತ್ತು. ಹುಣಸೆ ಹೋಗಿ ವಿನೆಗರ್ ಬಂತು. ಬೆಲ್ಲ ಹೋಯಿತು. ಉಪ್ಪಿನ ಡಬ್ಬವನ್ನು ನಾನು ಬೆಳಿಗ್ಗೆ ಅಮ್ಮನ ಬಲಗಡೆ ಇಟ್ಟರೆ ಮಧ್ಯಾಹ್ನಕ್ಕೆ ಅದು ಎಡಗಡೆ ಇರುತ್ತಿತ್ತು. ಅಮ್ಮ ಎಡಗೈಯನ್ನು ಉಣ್ಣುವ ವಸ್ತುವಿಗೆ ತಾಗಿಸದ ಕಾಲದವಳು. ಈಗ ಕತ್ತು ತಿರುಗಿಸದೆ ಎಡಗೈಯಲ್ಲೇ ಉಪ್ಪು ತೆಗೆದು ಬಾಣಲೆಗೆ ಬೀಸುತ್ತಿದ್ದಳು.

ವ್ಯಾಪಾರ ಏರಿತು. ಗಿರಾಕಿ ಹೆಚ್ಚಾದಾಗ ಕಾರಣ ಕೇಳುವ ಅಭ್ಯಾಸ ಯಾವ ಅಂಗಡಿಯವರಿಗೂ ಇರುವುದಿಲ್ಲ, ನನಗೂ ಇರಲಿಲ್ಲ. ಹಿಂದಿನ ಯಜಮಾನರ ಕಾಲದ ಗಿರಾಕಿಗಳು ಹುಡುಕಿಕೊಂಡು ಬರತೊಡಗಿದರು. ಅವರಲ್ಲೊಬ್ಬರು ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಮರಾಠಿ ಮುದುಕರು; ಹಾಫ್ ಪ್ಲೇಟ್ ನೂಡಲ್ಸನ್ನು ಬಹಳ ಹೊತ್ತು ತಿನ್ನುವವರು. ಒಂದು ದಿನ ಪ್ಲೇಟು ಖಾಲಿ ಮಾಡಿ, ಅಡುಗೆಮನೆಯ ಕಿಂಡಿಯಲ್ಲಿ ಇಣುಕಿ ಅಮ್ಮನನ್ನು ಕರೆದರು.

“ಮಾವಶೀ, ಬಿಲ್ಕುಲ್ ವಹೀ. ಹಮಾರಾ ಶೇಟ್ ವಾಪಸ್ ಆ ಗಯಾ.”

ಅದೇ ರುಚಿ, ನಮ್ಮ ಹಳೆಯ ಯಜಮಾನ ವಾಪಸು ಬಂದ ಎಂದದ್ದನ್ನು ಹೊಗಳಿಕೆ ಎಂದುಕೊಂಡು ನಾನು ನಕ್ಕೆ. ಅಮ್ಮ ತಿರುಗಿ ನೋಡಿದಳು. ನಗಲಿಲ್ಲ. ಸುಮ್ಮನೆ ತಲೆಯಾಡಿಸಿದಳು, ತನ್ನನ್ನೇ ಕರೆದಂತೆ.

ಮನೆಯಲ್ಲಿ ಆ ಭಾನುವಾರ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದಳು. ಮೊದಲ ತುತ್ತಿಗೇ ಸುಟ್ಟ ಬೆಳ್ಳುಳ್ಳಿ, ವಿನೆಗರಿನ ಘಾಟು. ನಾನು ಹುಟ್ಟಿದಂದಿನಿಂದ ತಿಂದ ಸಾರು ಅಲ್ಲವೇ ಅಲ್ಲ. ಅಮ್ಮ ಮಾತ್ರ ಬೆರಳು ನೆಕ್ಕಿ ಉಣ್ಣುತ್ತಿದ್ದಳು.

“ಎಂಥ, ಸರಿ ಇಲ್ವಾ?”

“ಹುಳಿ ಬೇರೆ ಥರ ಉಂಟು. ಹುಣಸೆ ಹಾಕಲಿಲ್ವಾ?”

ಅಮ್ಮ ಸಾರಿನಲ್ಲಿ ಬೆರಳದ್ದಿ ಮತ್ತೊಮ್ಮೆ ನೆಕ್ಕಿದಳು. “ಮೊದಲು ಹಾಕುತ್ತಿದ್ದೆನಾ ಮಗಾ ನಾನು?” ಎಂದು ಕೇಳಿದಳು.

ನನಗೆ ಹೆದರಿಕೆಯಾದದ್ದು ಆಗ. ವಾಸನೆಗೆ ಹೆದರಿರಲಿಲ್ಲ, ಎಲೆಗೂ ಅಲ್ಲ. ಮರುದಿನವೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ್ದಕ್ಕೆಲ್ಲ ಅಮ್ಮ ಸರಿಯಾಗಿ ಉತ್ತರಿಸಿದಳು. ತವರಿನ ಎಮ್ಮೆಗಳ ಹೆಸರುಗಳನ್ನೂ ಹೇಳಿದಳು. ಡಾಕ್ಟರರು ನನ್ನ ಬಿಪಿ ನೋಡಿ ಮಾತ್ರೆ ಬರೆದುಕೊಟ್ಟರು. ಅಮ್ಮನಿಗೆ ನೆನಪಿಲ್ಲದಿದ್ದದ್ದು ಒಂದೇ, ತನ್ನ ಅಡುಗೆ. ಎಲೆ ಬಡಿಸುವುದು ನಿಲ್ಲಿಸೋಣ ಎಂದರೆ, “ಹಾಕಿದ ಎಲೆ ತೆಗೆಯುವುದಾ? ಶತ್ರುವಿಗೂ ಹಾಗೆ ಮಾಡುವುದಿಲ್ಲ,” ಎಂದು ಎದ್ದುಹೋದಳು.

ಚೌಕಾಸಿಯಲ್ಲಿ ದಾರಿ ಕಾಣದಿದ್ದರೆ ಮಾಲು ಮಾರಿದವರ ಹತ್ತಿರವೇ ವಾಪಸು ಹೋಗಬೇಕು. ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋದೆ. ಸತ್ತವರ ಹೆಂಡತಿ ಅಲ್ಲಿ ತಮ್ಮನ ಮನೆಯಲ್ಲಿದ್ದರು. ಬಾಗಿಲಲ್ಲಿ ನನ್ನನ್ನು ಕಂಡು, “ಮತ್ತೇನು ಕಡಿಮಿ ಮಾಡಾಕ ಬಂದಿ?” ಎಂದರು. ಒಳಗೆ ಕರೆದು ಚಹಾ ಕೊಟ್ಟರು. ನಾನು ಎಲ್ಲ ಹೇಳಿದೆ. ಉಪ್ಪಿನ ಡಬ್ಬದ ಮಾತು ಬಂದಾಗ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಎಡಚರು ಅವ್ರು,” ಎಂದರು. ಸೆರಗು ಕೆಳಗಿಳಿಸಿ ಕೇಳಿದರು, “ಎಲಿ ಮ್ಯಾಲ ಏನು ನೀಡಿದ್ರಿ?”

“ಚೈನೀಸ್ ಅಕ್ಕಾ. ಅವರದೇ ಅಡುಗೆ ಅಲ್ವಾ.”

ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಕೊಳೆತ ಹೂಕೋಸನ್ನು ನಾನು ನೋಡುವ ರೀತಿ. “ಅವ್ರು ಅದನ್ನ ಮಾರತಿದ್ರು, ತಂಗಿ. ಒಂದಿನಾನೂ ಬಾಯಾಗ ಇಟ್ಟವ್ರಲ್ಲ. ದಿನಾ ಅದರ ಹೊಗಿ ಕುಡದು ಕುಡದು ಹೇಸಿದ್ರು. ಮುಂದ ಇಟ್ರ ಏನ್ ಮಾಡ್ತಾರ? ಬೆಂದೈತೋ ಇಲ್ಲೋ ನೋಡ್ತಾರ, ತಪ್ಪು ತಗೀತಾರ. ಅಡಗಿಯವ್ರು ಮತ್ತೇನ್ ಮಾಡ್ತಾರ? ತಿಂಗಳಗಟ್ಲೆ ಉಪಾಸ ಕುಂದ್ರಿಸಿ ಕೆಲಸಾ ಹಚ್ಚೀರಿ.”

“ಹಾಗಾದರೆ ಏನು ಉಣ್ಣುತ್ತಿದ್ದರು?”

“ರೊಕ್ಕ ಕಡಿಮಿ ಮಾಡೂ ಮುಂದ ಹೆಂಗ ಸತ್ರು ಅಂತ ನೂರು ಸಲ ಕೇಳಿದಿ. ಇದನ್ನ ಒಂದ್ ಸಲಾನೂ ಕೇಳಲಿಲ್ಲ.” ಖಾಲಿ ಲೋಟ ತೆಗೆದುಕೊಂಡು ಎದ್ದರು. “ಬಿಸಿ ಜೋಳದ ರೊಟ್ಟಿ. ಪುಂಡಿಪಲ್ಲೆ. ಒಂದ್ ಉಳ್ಳಾಗಡ್ಡಿ, ಗುದ್ದಿ ಒಡದದ್ದು.”

ಮಾಡಿಕೊಡಿ, ತೆಗೆದುಕೊಂಡು ಹೋಗುತ್ತೇನೆ ಎಂದೆ. ಲೋಕಲ್ಲಿನಲ್ಲಿ ಪರೇಲ್ ಮುಟ್ಟುವಷ್ಟರಲ್ಲಿ ರೊಟ್ಟಿ ಹಪ್ಪಳವಾಗುತ್ತದೆ ಎಂದರು. ಬನ್ನಿ ಎಂದೆ. ಆ ಹೊಸ್ತಿಲು ತುಳಿಯುವುದಿಲ್ಲ ಎಂದರು. ಟ್ಯಾಕ್ಸಿ ಮಾಡಿಸುತ್ತೇನೆ, ವರ್ಷವರ್ಷ ಸೀರೆ ಕೊಡುತ್ತೇನೆ ಎಂದೆಲ್ಲ ಹೇಳಿದೆ. ನನ್ನ ಯಾವ ದರವೂ ಅವರಿಗೆ ಹಿಡಿಸಲಿಲ್ಲ. ಕೊನೆಗೆ ನನಗೆ ಹೇಳಲು ಉಳಿದದ್ದು, “ನನ್ನ ಅಮ್ಮ ನನಗೆ ವಾಪಸು ಬೇಕು ಅಕ್ಕಾ,” ಎಂಬುದೊಂದೇ. ಹೇಳಿ ಎದ್ದೆ. ಚಪ್ಪಲಿ ಹಾಕಿಕೊಂಡು ಹೊರಟಾಗ ಹಿಂದಿನಿಂದ, “ಅಮಾಸಿ ಎಂದೈತಿ?” ಎಂಬ ಮಾತು ಕೇಳಿಸಿತು.

ಅಮಾವಾಸ್ಯೆಯ ಮಧ್ಯಾಹ್ನ ಬಂದರು. ನಮ್ಮ ಒಲೆಯ ಮೇಲೆ ತಮ್ಮದೇ ಹಂಚು ಇಟ್ಟು ರೊಟ್ಟಿ ಬಡಿದರು. ಪುಂಡಿಯ ಹುಳಿಸೊಪ್ಪಿನ ಪಲ್ಯಕ್ಕೆ ಉಪ್ಪು ಹಾಕಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅಮ್ಮ ಮೂಲೆಯ ಸ್ಟೂಲಿನಲ್ಲಿ ಕೂತು, ಆ ಕೈಗಳು ತಟ್ಟುವುದನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಅವಳ ಎಡಗೈ ಮಡಿಲಿನಲ್ಲಿ ಅದೇ ತಾಳಕ್ಕೆ ಅಲುಗುತ್ತಿತ್ತು. ಎಲೆ ಬಡಿಸಿ ಆ ಹೆಂಗಸು ಯಾರಿಗೂ ಕೈಮುಗಿಯಲಿಲ್ಲ. ದಿನವೂ ಗಂಡನಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದರು:

“ಉಣ್ರಿ. ಸುಮ್ಮ ಉಣ್ರಿ. ಮಂದಿ ಕೆಲಸದಾಗ ಕೈ ಹಾಕಬ್ಯಾಡ್ರಿ, ಆ ತಾಯಿ ತನ್ನ ಕೆಲಸಾ ತಾ ಮಾಡಕೋತಾಳ.”

ಶಟರ್ ಎಳೆದೆವು. ಮೂವರೂ ಹೊರಗೆ ನಿಂತೆವು. ಬೆಳ್ಳುಳ್ಳಿಯ ವಾಸನೆ ಬರಲಿಲ್ಲ. ಯಾವ ವಾಸನೆಯೂ ಇರಲಿಲ್ಲ, ಪಕ್ಕದ ಗಟಾರದ್ದೂ ಸಹ. ಇಸ್ತ್ರಿಯವನು ತಲೆ ಎತ್ತಿ ನಮ್ಮ ಶಟರ್ ನೋಡಿ, ಮತ್ತೆ ತಲೆ ತಗ್ಗಿಸಿದ.

ಒಳಗೆ ರೊಟ್ಟಿ ಹಾಗೆಯೇ ದುಂಡಗಿತ್ತು. ಯಾವುದೂ ಸರಿದಿರಲಿಲ್ಲ. ಮೂವರೂ ಹರಿದುಕೊಂಡು ಬಾಯಿಗಿಟ್ಟೆವು. ಪಲ್ಯದಲ್ಲಿ ಉಪ್ಪಿಲ್ಲ, ಹುಳಿಯಿಲ್ಲ; ಈರುಳ್ಳಿಯಲ್ಲಿ ಖಾರವಿಲ್ಲ. ಒದ್ದೆ ಕಾಗದ ಅಗಿದ ಹಾಗೆ. ಕಲ್ಯಾಣದ ಅಕ್ಕ ಅಗಿಯುತ್ತಾ ಅಗಿಯುತ್ತಾ, “ಉಂಡ್ರು,” ಎಂದರು. ಆಮೇಲೆ ಅಳಲು ಕೂತರು. ಅಮ್ಮ ಅವರ ಬೆನ್ನು ಸವರಿದಳು, ಬಲಗೈಯಲ್ಲಿ.

ಆ ವಾರದಿಂದ ಉಪ್ಪಿನ ಡಬ್ಬ ನಾನಿಟ್ಟ ಕಡೆಯೇ ಉಳಿಯಿತು. ಚಟ್ನಿಗೆ ಹುಣಸೆ ಬಂತು, ಬೆಲ್ಲವೂ ಬಂತು. ಹಳೆಯ ಗಿರಾಕಿಗಳಲ್ಲಿ ಹಲವರು ತಪ್ಪಿದರು. ಆ ಮರಾಠಿ ಮುದುಕರು ಅರ್ಧ ಪ್ಲೇಟು ಬಿಟ್ಟು, “ಶೇಟ್ ಫಿರ್ ಚಲಾ ಗಯಾ ಕ್ಯಾ?” ಎಂದು, ಬಂದ ಯಜಮಾನ ಮತ್ತೆ ಹೋದನೇನೋ ಎಂಬಂತೆ ಕೇಳಿ ಎದ್ದುಹೋದರು. ನಾನು ವ್ಯಾಪಾರದವಳು, ಸುಳ್ಳೇಕೆ ಹೇಳಲಿ, ಕಪ್ಪು ಬೆಳ್ಳುಳ್ಳಿಯ ಆ ಮಂಚೂರಿಯನ್ನಾದರೂ ಮೆನುವಿನಲ್ಲಿ ಉಳಿಸಿಕೊಳ್ಳೋಣ ಎಂದು ಅಮ್ಮನಿಗೆ ಹೇಳಿ ನೋಡಿದೆ. “ಯಾವ ಮಂಚೂರಿ? ನನಗೆ ಬರುವುದು ಇದೊಂದೇ,” ಎಂದಳು. ಮುಂದಿನ ಭಾನುವಾರ ಮನೆಯ ಪುಳಿಮುಂಚಿಯನ್ನು ನಾನು ಮೂರು ಸಲ ಬಡಿಸಿಕೊಂಡೆ. ಅಂಗಡಿಯ ಗಲ್ಲಾ ಇಳಿದದ್ದು ಮತ್ತೆ ಆ ಮಟ್ಟಕ್ಕೆ ಏರಿಲ್ಲ. ಏರದಿದ್ದರೂ ನಡೆಯುತ್ತದೆ.

ನೀವೂ ಯಾರದೋ ನಡೆದ ಅಡುಗೆಮನೆಯನ್ನು ಕೊಳ್ಳುವವರಾದರೆ ಚಿಮಣಿ ನೋಡಿ, ಗಟಾರ ನೋಡಿ, ಗ್ಯಾಸಿನ ಪೈಪು ನೋಡಿ, ಸುತ್ತಲಿನ ದರ ವಿಚಾರಿಸಿ. ಇವನ್ನೆಲ್ಲ ಯಾರಾದರೂ ಹೇಳುತ್ತಾರೆ. ನಾನು ಹೇಳುವುದು ಬೇರೆ. ಮುಂಗಡದ ಟೋಕನ್ ಕೊಡುವ ಮೊದಲು, ಹಿಂದಿದ್ದವರು ಮನೆಗೆ ಹೋಗಿ ಏನು ಉಣ್ಣುತ್ತಿದ್ದರು ಎಂದು ಅವರ ಮನೆಯವರನ್ನೇ ಕೇಳಿ. ಅಂಗಡಿಯ ಮೆನು ನೋಡಿ ಊಹಿಸಬೇಡಿ. ಹೇಳಲು ಒಲ್ಲೆ ಎಂದರೆ ಬೆಲೆ ಇಳಿಸುತ್ತಾ ಕೂರಬೇಡಿ, ಬೇರೆ ಅಂಗಡಿ ನೋಡಿ. ಉತ್ತರ ಜೋಳದ ರೊಟ್ಟಿ ಎಂದು ಬಂದರೆ ಪ್ಯಾಕೆಟ್ಟಿನ ಹಿಟ್ಟು ತರಬೇಡಿ, ಹಳತಾದ ಹಿಟ್ಟಿನ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. ದಾದರಿನಲ್ಲಿ ಇನ್ನೂ ಹಿಟ್ಟಿನ ಗಿರಣಿಗಳಿವೆ. ಅಂದೇ ಬೆಳಿಗ್ಗೆ ಬೀಸಿಸಿ ತನ್ನಿ.